ಗೇಣುದ್ದದ ನೀಲಿ ವೈರು

ಮೊನ್ನೆ ನನ್ನ ಕೆಲಸದ ಚೀಲವನ್ನು ಚಾಪೆಯ ಮೇಲೆ ಬೋರಲು ಹಾಕಿ ಝಾಡಿಸಿದೆ. ಚೀಲ ಯಾಕಿಷ್ಟು ಭಾರ ಎಂದು ಹೆಗಲು ಕೇಳಿದಾಗ ಮಾತ್ರ, ಅಂದರೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಮಾಡುವ ಕೆಲಸ ಅದು. ವೈರಿನ ತುದಿ ಕಚ್ಚಿಸುವ ಇಕ್ಕಳ, ಬೆರಳಿಗೆ ಚುಚ್ಚುವ ಪ್ಲಾಸ್ಟಿಕ್ ತುದಿಗಳು, ಟೋಪಿ ಕಳಕೊಂಡ ಎರಡು ಪೆನ್ನು, ಯಾವುದೋ ಮದುವೆಯಲ್ಲಿ ಕೊಟ್ಟ ಅಡಿಕೆ ಪುಡಿಯ ಪೊಟ್ಟಣ, ಒಂದು ಬಾರೆಹಣ್ಣಿನ ಬೀಜ. ಎಲ್ಲ ಬಿದ್ದಾದ ಮೇಲೆ ಮೂಲೆಯಿಂದ ಗೇಣುದ್ದದ ಒಂದು ನೀಲಿ ವೈರು ಬಿತ್ತು. ಕಸದ ಬುಟ್ಟಿಯ ಕಡೆ ಎಸೆಯಲೆಂದು ಕೈ ಎತ್ತಿದವಳು ಎಸೆಯಲಿಲ್ಲ. ಹಾಗೇ ಕುಳಿತೆ. ಗ್ಯಾಸಿನ ಮೇಲಿಟ್ಟ ಚಹಾ ಉಕ್ಕಿ ಉರಿಯನ್ನು ಆರಿಸಿದ ಮೇಲೆಯೇ ಎದ್ದದ್ದು.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ನನ್ನ ತಾಯಿಗೆ ತಿಳಿಸಿ ಹೇಳಲು ನನಗೆ ಇನ್ನೂ ಆಗಿಲ್ಲ. ಬೀದರಿನಲ್ಲಿ ಒಂದು ಸಣ್ಣ ಅಂಗಡಿಯಿದೆ. ಕಚೇರಿ, ಕಾಲೇಜುಗಳ ಒಳಗೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ವೈರು ಎಳೆದು, ಅವು ತಮ್ಮತಮ್ಮಲ್ಲಿ ಮಾತಾಡುವಂತೆ ನೋಡಿಕೊಳ್ಳುವುದು ಅಂಗಡಿಯ ಕೆಲಸ. ಅಲ್ಲಿ ಮಾಲೀಕರನ್ನು ಬಿಟ್ಟರೆ ನಾನೇ ಹಳಬಳು. ವೈರುಗಳೆಲ್ಲ ಬಂದು ಸೇರುವ ಡಬ್ಬಿಗೆ ಸ್ವಿಚ್ ಎನ್ನುತ್ತಾರೆ. ನನ್ನವ್ವ ಚಿಂತಾಕಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. "ನಮ್ಮ ಸುಭದ್ರಾ ಬೀದರದಾಗ ಸ್ವಿಚ್ ರಿಪೇರಿ ಮಾಡ್ತಾಳ" ಎಂದು ಆಕೆ ಊರಿಗೆಲ್ಲ ಹೇಳಿಟ್ಟದ್ದರಿಂದ, ನಾನು ಊರಿಗೆ ಹೋದ ದಿನ ಎರಡು ಮನೆಯ ಫ್ಯಾನು, ಒಂದು ಮನೆಯ ಮಿಕ್ಸರು ನನ್ನ ದಾರಿ ಕಾಯುತ್ತಿರುತ್ತವೆ. ನನಗೆ ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಓದಿದವಳಿಗೆ ಸೊಕ್ಕು ಎಂದುಕೊಳ್ಳುತ್ತಾರೆ. ಹೀಗಾಗಿ ಫ್ಯಾನು ರಿಪೇರಿಯನ್ನೂ ಕಲಿತೆ.

ಖರೆ ಹೇಳಬೇಕೆಂದರೆ ಸ್ವಿಚ್ ಎಂಬ ಡಬ್ಬಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ನಾನು ಕಾಲೇಜಿಗೆ ಹೋಗುವ ಮೊದಲೇ ಚಿಂತಾಕಿಯಲ್ಲಿ ನೋಡಿದ್ದೆ. ನಾನು ಸಣ್ಣವಳಿದ್ದಾಗ ಊರಿಗೆಲ್ಲ ಒಂದೇ ಫೋನು, ಅದು ಗಫೂರ್ ಚಾಚಾನ ಕಿರಾಣಿ ಅಂಗಡಿಯಲ್ಲಿ. ಹೈದರಾಬಾದಿನಿಂದಲೋ ಪುಣೆಯಿಂದಲೋ ಯಾರಿಗಾದರೂ ಫೋನು ಬಂದರೆ, ಆ ಹೆಸರಿನವರ ಮನೆ ಚಾಚಾನಿಗೆ ಗೊತ್ತಿಲ್ಲದಿದ್ದರೆ, ಆತ ಅಂಗಡಿಯ ಕಟ್ಟೆ ಮೇಲೆ ನಿಂತು ನಾಲ್ಕೂ ಓಣಿಗೆ ಕೇಳುವ ಹಾಗೆ ಕೂಗುತ್ತಿದ್ದ. ಎಲ್ಲರ ಕಿವಿಗೂ ಬೀಳುತ್ತಿತ್ತು, ಹೆಸರಿನವರು ಮಾತ್ರ ಓಡಿ ಬರುತ್ತಿದ್ದರು. ಓಡಿ ಬಂದದ್ದು ಯಾವ ಓಣಿಯಿಂದ ಎಂಬುದನ್ನು ಚಾಚಾ ಕಣ್ಣಲ್ಲೇ ಗುರುತು ಹಾಕಿಕೊಳ್ಳುತ್ತಿದ್ದ. ಮುಂದಿನ ಸಲ ಆ ಓಣಿಯ ಕಡೆ ಮಾತ್ರ ಮುಖ ತಿರುಗಿಸಿ ಕೂಗಿದರೆ ಸಾಕಿತ್ತು. ಬಹಳ ದಿನ ಅಂಗಡಿಯ ಕಡೆ ಸುಳಿಯದವರನ್ನು ಮರೆತುಬಿಡುತ್ತಿದ್ದ. ಮತ್ತೆ ನಾಲ್ಕೂ ಓಣಿಗೆ ಕೂಗು.

ಸ್ವಿಚ್ ಮಾಡುವುದೂ ಇಷ್ಟೇ. ಪ್ರತಿ ಯಂತ್ರಕ್ಕೂ ಹುಟ್ಟುವಾಗಲೇ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಒಂದು ವಿಳಾಸ ಇರುತ್ತದೆ, ಅಂಕಿ ಅಕ್ಷರ ಸೇರಿದ ಆರು ಜೋಡಿ. ಯಾವ ವಿಳಾಸದವರು ವೈರು ಸಿಕ್ಕಿಸುವ ಯಾವ ತೂತಿನಿಂದ ಮಾತಾಡಿದರೆಂದು ಡಬ್ಬಿ ಬರೆದಿಟ್ಟುಕೊಳ್ಳುತ್ತದೆ. ಐದು ನಿಮಿಷ ಸದ್ದಿಲ್ಲದೆ ಇದ್ದವರ ಹೆಸರು ಒರೆಸಿಹಾಕುತ್ತದೆ. ಗಫೂರ್ ಚಾಚಾ ಕನಿಷ್ಠ ಒಂದು ಸುಗ್ಗಿಯವರೆಗಾದರೂ ನೆನಪಿಟ್ಟುಕೊಳ್ಳುತ್ತಿದ್ದ.

ಈ ವಿಳಾಸಗಳು ನನ್ನ ತಲೆಯಲ್ಲಿ ಕೂತುಬಿಟ್ಟಿವೆ. ಔರಾದಿನ ಒಂದು ಮದುವೆಯಲ್ಲಿ ಯಾರೋ ನಗುತ್ತ ಬಂದು "ಏನ್ ಮೇಡಂ, ಗುರ್ತು ಸಿಗ್ಲಿಲ್ಲೇನ್ರಿ?" ಎಂದರು. ಸಿಕ್ಕಿತು. ಅವರ ಕಂಪ್ಯೂಟರಿನ ವಿಳಾಸ ಸೊನ್ನೆ ಏಳರಲ್ಲಿ ಮುಗಿಯುತ್ತದೆಂದು ತಟ್ಟನೆ ಹೊಳೆಯಿತು. ಹೆಸರು ಮಾತ್ರ ಊಟ ಮುಗಿದು ಎಲೆ ಎತ್ತುವವರೆಗೂ ನೆನಪಾಗಲಿಲ್ಲ. ಬೀದರಿನಲ್ಲಿ ಹಳೇ ಊರಿನ ಒಂದು ಮಾಳಿಗೆಯ ಮೇಲೆ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದೇನೆ. ಎದುರು ಮನೆಯ ಹೆಂಗಸು ದಿನಾ ಬಟ್ಟೆ ಒಣ ಹಾಕುವಾಗ ನನ್ನನ್ನು ನೋಡಿ ಗೋಣು ಆಡಿಸುತ್ತಾಳೆ. ಆಕೆಯ ಹೆಸರು ನನಗೆ ಗೊತ್ತಿಲ್ಲ. ಈಗ ಕೇಳಲು ನಾಚಿಕೆ. ಮದುವೆಯಾಗಲಿಲ್ಲ ಯಾಕೆ ಎಂದು ಕೇಳುವವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಕೇಳುತ್ತಿದ್ದಾಗ ಸಿಟ್ಟು ಬರುತ್ತಿತ್ತು. ಬಿಟ್ಟ ಮೇಲೆ ಅದೂ ಒಂದು ಮಾತಾಗಿತ್ತಲ್ಲ ಅನ್ನಿಸಿತು.

ಇರಲಿ, ನೀಲಿ ವೈರಿಗೆ ಬರುತ್ತೇನೆ.

ಭಾಲ್ಕಿಯ ಒಂದು ಕಾಲೇಜಿನಿಂದ ಅಂಗಡಿಗೆ ಫೋನು ಬಂತು. ಇಡೀ ಕಾಲೇಜಿನ ನೆಟ್‌ವರ್ಕ್ ಬಂದ್. ಬಸ್ಸು ಹಿಡಿದು ಹೋದೆ. ಆಫೀಸಿನಲ್ಲಿ ದೊಡ್ಡ ಸ್ವಿಚ್ಚಿದೆ. ಅದರ ಹಸಿರು ದೀಪಗಳು ಒಂದೊಂದಾಗಿ ಮಿನುಗುವ ಬದಲು ಎಲ್ಲ ಕೂಡಿ ಹುಚ್ಚೆದ್ದು ಬಡಿದುಕೊಳ್ಳುತ್ತಿದ್ದವು. ಒಂದೊಂದೇ ವೈರು ಕಿತ್ತು ನೋಡಿದೆ. ಹದಿನಾಲ್ಕನೆಯದನ್ನು ಕಿತ್ತಾಗ ಎಲ್ಲ ತಣ್ಣಗಾಯಿತು. "ಇದು ಎಲ್ಲಿಗಿ ಹೋಗ್ತದ್ರಿ?" ಎಂದು ಗುಮಾಸ್ತರನ್ನು ಕೇಳಿದೆ. "ಲೈಬ್ರರಿಗಿ ಹೋಗ್ತದ ನೋಡ್ರಿ. ಆದ್ರ ಅಲ್ಲಿ ಯಾರೂ ಇರಂಗಿಲ್ಲ" ಎಂದರು.

ಯಾರೂ ಇರುವುದಿಲ್ಲ ಎಂದ ಜಾಗದಲ್ಲಿ ವಿಮಲಾಬಾಯಿ ಇದ್ದರು. ಮಹಡಿಯ ಮೇಲಿನ ಉದ್ದ ಕೋಣೆ, ಗೋಡೆಗೆ ಕಪಾಟು, ನಡುವೆ ಆರು ಹಳೇ ಕಂಪ್ಯೂಟರು, ಮೂಲೆಯ ಮೇಜಿನ ಹಿಂದೆ ನರೆತ ಕೂದಲನ್ನು ಬಿಗಿಯಾಗಿ ಗಂಟು ಹಾಕಿದ, ನೀಲಿ ಅಂಚಿನ ಬಿಳಿ ಸೀರೆ ಉಟ್ಟ ಹೆಂಗಸು. ಮೆಹಕರ ಎಂಬ ಗಡಿಹಳ್ಳಿಯವರು. ಅವರ ತಂದೆ ಮಕ್ಕಳನ್ನು ಓದಿಸಬೇಕೆಂದು ಪಣ ತೊಟ್ಟ ಬೌದ್ಧರು. ಆ ಮನೆಯಲ್ಲಿ ಮೊದಲು ಸರ್ಕಾರಿ ನೌಕರಿ ಸಿಕ್ಕಿದ್ದು ಇವರಿಗೇ. ಗಂಡ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ, ಭಾಲ್ಕಿಯಲ್ಲಿ ಒಂದೇ ಕೋಣೆಯ ಮನೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇದೆಲ್ಲ ಮೊದಲ ಭೇಟಿಯ ಅರ್ಧ ತಾಸಿನಲ್ಲೇ ನನಗೆ ಗೊತ್ತಾಯಿತು. ಅಷ್ಟು ಮಾತಾಡಿದರು.

ಆಗಿದ್ದು ಇಷ್ಟು. ಕೋಣೆಗೆ ಸುಣ್ಣ ಬಳಿಯುವಾಗ ಒಂದು ವೈರಿನ ತುದಿ ಬಿಚ್ಚಿ ಜೋತುಬಿದ್ದಿತ್ತು. ಅದು ಬಿದ್ದಿರುವುದು ಚೆಂದ ಕಾಣಲಿಲ್ಲವೆಂದು ವಿಮಲಾಬಾಯಿ ಅದನ್ನು ಎತ್ತಿ ಎಂಟು ತೂತಿನ ಸಣ್ಣ ಸ್ವಿಚ್ಚಿನಲ್ಲಿ ಖಾಲಿಯಿದ್ದ ತೂತಿಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿಯೂ ಅದೇ ಡಬ್ಬಿಯಲ್ಲಿತ್ತು.

"ಎರಡೂ ತುದಿ ಒಂದೇ ಡಬ್ಬಿಗಿ ಹಾಕಬಾರ್ದ್ರಿ ಅಕ್ಕಾ" ಎಂದೆ.

"ಹಾಕಿದ್ರ ಏನಾಗ್ತದ?"

"ಎಲ್ಲರಿಗೂ ಅಂತ ಕೂಗಿದ ಮಾತು ಒಂದು ತೂತಿನಾಗ ಹೊರಗ ಹೋಗಿ ಇನ್ನೊಂದು ತೂತಿನಾಗ ಒಳಗ ಬರ್ತದ್ರಿ. ಹೊಸಾ ಮಾತು ಅಂತ ತಿಳ್ಕೊಂಡು ಡಬ್ಬಿ ಮತ್ತ ಕೂಗ್ತದ. ಅದು ಮತ್ತ ತಿರುಗಿ ಬರ್ತದ. ಹಿಂಗ ತಿರುಗಿ ತಿರುಗಿ, ಬ್ಯಾರೆಯವ್ರ ಮಾತಿಗಿ ಜಾಗಾನೇ ಉಳಿಯಂಗಿಲ್ಲ."

"ತಾನಾಗೇ ನಿಂದ್ರಂಗಿಲ್ಲೇನು?"

"ಇಲ್ರಿ. ಎಷ್ಟು ಸುತ್ತು ತಿರುಗೇನಿ ಅಂತ ಆ ಮಾತಿಗಿ ಲೆಕ್ಕ ಇರಂಗಿಲ್ಲ."

ಆಕೆಗೆ ತಿಳಿದುಕೊಳ್ಳುವ ಹಂಬಲ ಬಹಳ. ಎಷ್ಟೋ ಕಡೆ ಕೆಲಸ ಮಾಡಿದ್ದೇನೆ, ಈ ವೈರಿನೊಳಗೆ ಏನು ಹೋಗುತ್ತದೆಂದು ಕೇಳಿದವರು ಅವರೊಬ್ಬರೇ. ನಾನು ಒಂದು ಹಾಳೆಯ ಮೇಲೆ ಉದ್ದ ಪಟ್ಟಿ ಬರೆದು ಮನೆ ಮನೆ ಮಾಡಿ ತೋರಿಸಿದೆ. ಮಾತನ್ನು ತುಂಡು ಮಾಡಿ, ಪ್ರತಿ ತುಂಡನ್ನೂ ಹೀಗೊಂದು ಚೌಕಟ್ಟಿನಲ್ಲಿ ಇಟ್ಟು ಕಳಿಸುತ್ತಾರೆ ಎಂದೆ. ಆಕೆ ಕನ್ನಡಕ ಏರಿಸಿ ಬೆರಳಿಟ್ಟು ಓದಿದರು.

"ಅಂದ್ರ ಮೊದ್ಲ ಯಾರಿಗಿ ಅಂತ. ಆಮ್ಯಾಲ ಯಾರಿಂದ ಅಂತ. ಆಮ್ಯಾಲ ಎಂಥಾ ಮಾತು ಅಂತ. ಆಮ್ಯಾಲ ಖುದ್ ಮಾತು. ಈ ಕಡೀದು ಏನು?"

"ತಾಳೆ ನೋಡೂ ಅಂಕಿ ಅದ್ರಿ. ದಾರ್ಯಾಗ ಏನಾರ ಕೆಟ್ಟದೇನು ಅಂತ ನೋಡಾಕ."

"ತಾಳೆ ಬೀಳ್ಲಿಲ್ಲಂದ್ರ?"

"ಚೆಲ್ಲಿಬಿಡ್ತದ್ರಿ."

"ಕಳಿಸಿದವ್ರಿಗಿ ಹೇಳಂಗಿಲ್ಲೇನು, ನಿಮ್ಮ ಮಾತು ಮುಟ್ಲಿಲ್ಲ ಅಂತ?"

"ಈ ಡಬ್ಬಿ ಹೇಳಂಗಿಲ್ರಿ. ಸುಮ್ನ ಚೆಲ್ತದ."

ವಿಮಲಾಬಾಯಿ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು, ಅದು ತಮಗೆ ಪರಿಚಯದ ಯಾರದೋ ಸ್ವಭಾವ ಎಂಬಂತೆ. ಮಾತು ತೀರ ಸಣ್ಣದಿದ್ದರೆ ಅದಕ್ಕೆ ಸೊನ್ನೆಗಳನ್ನು ತುಂಬಿ ಉದ್ದ ಮಾಡಿಯೇ ಕಳಿಸಬೇಕು, ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ ಡಬ್ಬಿ ಒಪ್ಪುವುದಿಲ್ಲ ಎಂದು ಹೇಳಿದಾಗ ಮಾತ್ರ ನಕ್ಕರು. "ನಮ್ಮ ಪ್ರಿನ್ಸಿಪಾಲರ ಭಾಷಣ ಇದ್ದಂಗ" ಎಂದರು.

ಜೋತುಬಿದ್ದ ವೈರನ್ನು ನಾನು ಸರಿಯಾದ ಅಳತೆಗೆ ಕತ್ತರಿಸಿದೆ. ಗೇಣುದ್ದ ತುಂಡು ಉಳಿಯಿತು. ಕೈ ಸುಮ್ಮನಿರದೆ ಅದರ ಎರಡೂ ಕಡೆ ಪ್ಲಾಸ್ಟಿಕ್ ತುದಿ ಕಚ್ಚಿಸಿ, "ಇರ್ಲಿ ಇಟ್ಕೋರಿ, ಎಲ್ಲ್ಯಾರ ಬೇಕಾಗ್ತದ" ಎಂದು ಆಕೆಯ ಮೇಜಿನ ಮೇಲಿಟ್ಟೆ. ಮುಂದೆ ಆದದ್ದಕ್ಕೆ ಆಯುಧ ಮಾಡಿಕೊಟ್ಟವಳು ನಾನೇ.

ಎರಡು ವಾರದ ಮೇಲೆ, ಒಂದು ಗುರುವಾರ, ಮತ್ತೆ ಫೋನು ಬಂತು. ನಾನು ಭಾಲ್ಕಿ ಮುಟ್ಟುವಷ್ಟರಲ್ಲಿ ಎಲ್ಲ ಸರಿಯಾಗಿತ್ತು. ಆದರೂ ಬಂದಿದ್ದೇನಲ್ಲ ಎಂದು ಲೈಬ್ರರಿಗೆ ಹೋದೆ. ವಿಮಲಾಬಾಯಿ ಊಟದ ಡಬ್ಬಿ ಬಿಚ್ಚಿದರು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಇವತ್ತ ಎರಡು ರೊಟ್ಟಿ ಜಾಸ್ತಿ ಆಗ್ಯಾವ, ಕೂಡು" ಎಂದರು. ಕೂತೆ. ಆಕೆ ಪುಸ್ತಕಗಳ ಬಗ್ಗೆ ಮಾತಾಡಿದರು. ಮೊದಲು ಹುಡುಗರು ಪುಸ್ತಕಕ್ಕೆ ಪಾಳಿ ಹಚ್ಚಿ ನಿಲ್ಲುತ್ತಿದ್ದರಂತೆ. ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತದೆ, ಮೇಲೆ ಹತ್ತಿ ಬರುವವರು ಪರೀಕ್ಷೆಗೆ ಮುಂಚೆ ನಾಲ್ಕು ಜನ. "ಬೆಳಗಿನಿಂದ ಸಂಜಿ ತನಕಾ ನನ್ನ ದನಿ ನಾನೇ ಕೇಳಿರಂಗಿಲ್ಲ" ಎಂದರು. ಹಗುರವಾಗಿಯೇ ಹೇಳಿದರು, ಫ್ಯಾನು ಸದ್ದು ಮಾಡುತ್ತದೆ ಎಂದ ಹಾಗೆ. ನಾನೂ ಹಗುರವಾಗಿಯೇ ಕೇಳಿಸಿಕೊಂಡೆ. ನನ್ನ ಮಾಳಿಗೆಯ ಕೋಣೆಯ ಮಾತು ಬಾಯಿಗೆ ಬಂದಿತ್ತು. ಹೇಳಲಿಲ್ಲ.

ಮತ್ತೊಂದು ಗುರುವಾರ ಹೀಗೇ ಆಯಿತು. ಅವತ್ತೂ ಎರಡು ರೊಟ್ಟಿ ಜಾಸ್ತಿಯಾಗಿದ್ದವು. ನಾನು ಜಾಣೆ ಎಂದು ನಮ್ಮ ಮಾಲೀಕರು ಎಲ್ಲರೆದುರು ಹೇಳುತ್ತಾರೆ. ಆ ಜಾಣೆಗೆ ಆಗಲೂ ಏನೂ ಹೊಳೆಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮುಖದ ಮೇಲೆ ನಗೆಯಿತ್ತೆಂಬುದು ಮಾತ್ರ ನೆನಪಿದೆ. ಯಾಕೆಂದರೆ ಎದುರಿನ ಮುದುಕಿ ತನ್ನನ್ನು ನೋಡಿ ನಗುತ್ತಿದ್ದೇನೆಂದುಕೊಂಡು ಸೆರಗು ಸರಿ ಮಾಡಿಕೊಂಡಳು.

ನಾಲ್ಕನೆಯ ಸಲದ ಕತೆ ಬೇರೆ. ಅದು ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕೊನೆಯ ದಿನ. ಅವತ್ತು ನಾನು ಭಾಲ್ಕಿಯಲ್ಲೇ ಬೇರೊಂದು ಕಚೇರಿಯಲ್ಲಿದ್ದೆ. ಫೋನು ಬಂದ ಹತ್ತು ನಿಮಿಷಕ್ಕೆ ಕಾಲೇಜಿನಲ್ಲಿದ್ದೆ. ಆಫೀಸಿನ ಮುಂದೆ ಮಕ್ಕಳ ಸಾಲು ಮೆಟ್ಟಿಲಿನ ತನಕ ನಿಂತಿತ್ತು. ಕಾಗದದ ಚೀಲ ಎದೆಗೊತ್ತಿಕೊಂಡ ಒಬ್ಬ ಹುಡುಗಿ ನನ್ನ ಹತ್ತಿರ ಬಂದು, "ಮೇಡಂ, ನಮ್ಮೂರ ಬಸ್ಸು ಎರಡಕ್ಕದ್ರಿ. ಅಷ್ಟರಾಗ ಆಗ್ತದೇನ್ರಿ?" ಎಂದಳು. ಆಗುತ್ತದೆ ಎಂದೆ. ಹದಿನಾಲ್ಕನೆಯ ವೈರು ಕಿತ್ತೆ, ಎಲ್ಲ ತಣ್ಣಗಾಯಿತು. ಮೇಲಕ್ಕೆ ಹತ್ತಿದೆ.

ಲೈಬ್ರರಿಯಲ್ಲಿ ಯಾರೂ ಇರಲಿಲ್ಲ. ಕೈ ತೊಳೆಯಲು ಹೋಗಿದ್ದರೆಂದು ಕಾಣುತ್ತದೆ, ಹೊರಗೆ ನಳದ ಸದ್ದಿತ್ತು. ಎಂಟು ತೂತಿನ ಡಬ್ಬಿಯ ದೀಪಗಳು ಹುಚ್ಚು ಹಿಡಿದು ಬಡಿದುಕೊಳ್ಳುತ್ತಿದ್ದವು. ಅದರ ಮುಖಕ್ಕೆ ಚಹಾ ಕಪ್ಪಿನ ಹಿಡಿಕೆಯ ಹಾಗೆ ಬಾಗಿ ನೀಲಿ ವೈರು ಅಂಟಿಕೊಂಡಿತ್ತು. ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಎರಡು ತಾಟು ಇಟ್ಟಿದ್ದರು. ಎರಡರಲ್ಲೂ ಹಿಂಡಿ ಬಡಿಸಿತ್ತು.

ನಾನು ವೈರು ಕಿತ್ತು ಚೀಲಕ್ಕೆ ಹಾಕಿಕೊಂಡೆ. ವಿಮಲಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಬಾಗಿಲಲ್ಲೇ ನಿಂತರು.

"ಬಂದೇನ? ಇಷ್ಟ ಲಗೂ ಹ್ಯಾಂಗ ಬಂದಿ?" ಎಂದರು. ಕಣ್ಣು ಡಬ್ಬಿಯ ಕಡೆ ಹೋಗಿ ನನ್ನ ಕಡೆ ಬಂತು.

"ಇಲ್ಲೇ ಇದ್ದೆ. ವೈರು ಸಡಲಿತ್ರಿ, ಸರಿ ಮಾಡ್ದೆ" ಎಂದೆ.

ಕೂತು ಉಂಡೆವು. ಹೊರಡುವಾಗ ಕೆಳಗೆ ನೋಡಿದೆ. ಸಾಲು ಕರಗಿತ್ತು. ಆ ಹುಡುಗಿಯ ಅರ್ಜಿ ಹೋಯಿತೋ ಇಲ್ಲವೋ ಯಾರನ್ನೂ ಕೇಳಲಿಲ್ಲ. ಕೇಳಿ ಇಲ್ಲ ಎಂದರೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಆ ಸಂಜೆ ಮಾಲೀಕರು, "ಒಂದೇ ಜಾಗಾದಾಗ ನಾಲ್ಕು ನಾಲ್ಕು ಸಲ ಯಾಕ ಕೆಡ್ಲತ್ತದ? ಕಾಲೇಜಿನವ್ರು ಕೆಲಸ ಬ್ಯಾರೆ ಕಡಿ ಕೊಡ್ತೇವಿ ಅಂತಾರ. ರಿಪೋರ್ಟ್ ಬರ್ದು ಕೊಡು" ಎಂದರು. ಕಂಡದ್ದನ್ನು ಬರೆದರೆ ನಿವೃತ್ತಿಯ ಹೊಸ್ತಿಲಲ್ಲಿರುವ ಹೆಂಗಸಿಗೆ ವಿಚಾರಣೆ. ಬರೆಯದಿದ್ದರೆ ಮುಂದಿನ ಸಲ ಮತ್ತೊಂದು ಸಾಲು, ಮತ್ತೊಂದು ಎರಡರ ಬಸ್ಸು. ವೈರು ಹಳೆಯದಾಗಿತ್ತು, ಬದಲಿಸಲಾಗಿದೆ ಎಂದು ಬರೆದೆ. ನನ್ನ ನೌಕರಿಯಲ್ಲಿ ನಾನು ಬರೆದ ಸುಳ್ಳು ಅದೊಂದೇ. ಮರುದಿನ ಬೀದರಿನಲ್ಲೇ ಕೂತು, ಆಫೀಸಿನ ದೊಡ್ಡ ಸ್ವಿಚ್ಚಿಗೆ ಒಂದು ಕಾವಲು ಹಾಕಿದೆ. ತಾನು ಕಳಿಸಿದ ಮಾತು ಯಾವ ತೂತಿನಿಂದ ತನಗೇ ತಿರುಗಿ ಬರುತ್ತದೋ ಆ ತೂತನ್ನಷ್ಟೇ ಸ್ವಿಚ್ ಮುಚ್ಚಬೇಕು, ಸ್ವಲ್ಪ ಹೊತ್ತಿನ ಮೇಲೆ ಎಲ್ಲ ಸರಿಯಿದ್ದರೆ ತಾನಾಗಿ ತೆರೆಯಬೇಕು, ಮುಚ್ಚಿದ್ದನ್ನು ಬರೆದಿಡಬೇಕು. ಇದರಿಂದ ವಿಮಲಾಬಾಯಿ ಏನು ಮಾಡಿದರೂ ಅವರ ಕೋಣೆಯದು ಮಾತ್ರ ಬಂದ್ ಆಗುತ್ತಿತ್ತು. ಯಾರಿಗೂ ತೊಂದರೆಯಿಲ್ಲ, ಯಾರ ಮೇಲೂ ಚಾಡಿಯಿಲ್ಲ. ಹೀಗೊಂದು ಕಾವಲು ಹಾಕಿದ್ದೇನೆಂದು ಗುಮಾಸ್ತರಿಗೆ ಫೋನು ಮಾಡಿ ಹೇಳಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಅವತ್ತು ಭಜ್ಜಿ ತಂದುಕೊಂಡು ತಿಂದೆ.

ಆಮೇಲೆ ಔರಾದಿನಲ್ಲಿ ಒಂದು ಹೊಸ ಕಟ್ಟಡಕ್ಕೆ ವೈರು ಎಳೆಯುವ ಕೆಲಸ ಬಂತು. ಒಂದೂವರೆ ತಿಂಗಳು ಹಗಲೆಲ್ಲ ಅಲ್ಲೇ. ಮಧ್ಯಾಹ್ನ ಊಟದ ಹೊತ್ತಿಗೆ ನಾವು ನೋಡಿಕೊಳ್ಳುವ ಕಚೇರಿ, ಕಾಲೇಜುಗಳ ಸ್ವಿಚ್ಚಿನ ದಾಖಲೆಯನ್ನು ಮೊಬೈಲಿನಲ್ಲೇ ತೆಗೆದು ನೋಡುವುದು ನನ್ನ ರೂಢಿ. ಮೊದಲ ಗುರುವಾರವೇ ಕಂಡಿತು. ಭಾಲ್ಕಿ, ಹದಿನಾಲ್ಕನೆಯ ಪೋರ್ಟು ಅಂದರೆ ತೂತು, ಹನ್ನೊಂದು ಗಂಟೆ, ಮಾತು ತಿರುಗಿ ಬಂದದ್ದರಿಂದ ಮುಚ್ಚಲಾಗಿದೆ. ನೀಲಿ ವೈರು ನನ್ನ ಚೀಲದಲ್ಲಿತ್ತು. ಆಕೆ ಬೇರೊಂದು ಹುಡುಕಿಕೊಂಡಿದ್ದರು.

ಯಾರೂ ಫೋನು ಮಾಡಲಿಲ್ಲ. ಆಫೀಸಿನಲ್ಲಿ ಎಲ್ಲ ನಡೆಯುತ್ತಿತ್ತಲ್ಲ.

ಮುಂದಿನ ಗುರುವಾರವೂ ದಾಖಲೆಯಲ್ಲಿ ಹನ್ನೊಂದಕ್ಕೆ ಅದೇ ಸಾಲಿತ್ತು. ಅದರ ಮುಂದಿನ ಗುರುವಾರ ಎರಡು ಸಲವಿತ್ತು, ಹನ್ನೊಂದಕ್ಕೊಮ್ಮೆ, ಹನ್ನೆರಡೂವರೆಗೊಮ್ಮೆ. ಔರಾದಿನ ಆ ಅರೆಕಟ್ಟಿದ ಕಟ್ಟಡದಲ್ಲಿ, ಸಿಮೆಂಟಿನ ಚೀಲದ ಮೇಲೆ ಕೂತು ತಣ್ಣಗಿನ ಅನ್ನ ಕಲಸುತ್ತ ನಾನು ಆ ಸಾಲುಗಳನ್ನು ನೋಡುತ್ತಿದ್ದೆ. ಭಾಲ್ಕಿಗೆ ಹೋಗಬೇಕೆನಿಸುತ್ತಿತ್ತು. ಇವತ್ತು ಕೆಲಸ ಬಹಳ, ನಾಳೆ ನೋಡೋಣ ಎಂದುಕೊಳ್ಳುತ್ತಿದ್ದೆ. ಹೋಗಿ ಏನು ಹೇಳುವುದು ಎಂಬ ಅಳುಕೂ ಇತ್ತು. ಇನ್ನೊಂದು ಕಾರಣವನ್ನು ಈಗ ಒಪ್ಪಿಕೊಳ್ಳುತ್ತೇನೆ. ಯಾರೋ ನನಗಾಗಿ ಇಷ್ಟು ಕಷ್ಟಪಡುತ್ತಿದ್ದಾರೆ ಎಂಬುದು ಆ ದಿನಗಳಲ್ಲಿ ನನಗಿದ್ದ ಒಂದೇ ಸುಖ. ಅದನ್ನು ದೂರದಿಂದ ನೋಡುತ್ತ ಕೂತಿದ್ದೆ, ಅದು ಎಷ್ಟು ಕೆಟ್ಟದ್ದೆಂದು ತಿಳಿಯದೆ.

ನಾಲ್ಕನೆಯ ಗುರುವಾರವೂ ಹನ್ನೊಂದಕ್ಕೆ ಒಂದು ಸಾಲು ಬಂತು. ಐದನೆಯ ಗುರುವಾರ ಏನೂ ಇರಲಿಲ್ಲ. ಹನ್ನೊಂದಕ್ಕೆ ನೋಡಿದೆ, ಹನ್ನೆರಡಕ್ಕೆ ನೋಡಿದೆ, ಮೂರಕ್ಕೂ ನೋಡಿದೆ. ಮರುವಾರವೂ ಇರಲಿಲ್ಲ. ಆಗ ಔರಾದಿನ ಕೆಲಸವನ್ನು ಹಾಗೇ ಬಿಟ್ಟು ಬೀದರಿಗೆ ಬಂದು ಭಾಲ್ಕಿಯ ಬಸ್ಸು ಹತ್ತಿದೆ.

ವಿಮಲಾಬಾಯಿ ಮೇಜಿನ ಹಿಂದೆಯೇ ಇದ್ದರು. ಆರೋಗ್ಯವಾಗಿದ್ದರು. ಹರಿದ ಪುಸ್ತಕಕ್ಕೆ ಅಂಟು ಹಚ್ಚುತ್ತಿದ್ದವರು ತಲೆ ಎತ್ತಿದರು.

"ಏನಾರ ಕೆಟ್ಟದೇನು?"

"ಇಲ್ರಿ."

"ಮತ್ತ?"

"ಸುಮ್ನ ಬಂದೀನ್ರಿ."

ಆಕೆ ಅಂಟಿನ ಬೆರಳನ್ನು ಚಿಂದಿಗೆ ಒರೆಸಿಕೊಂಡರು. ಒರೆಸಿದ ಬೆರಳನ್ನು ಮತ್ತೆ ಒರೆಸಿದರು.

"ವೈರು ನಾ ಹಾಕ್ತಿದ್ದೆ ಅಂತ ನಿನಗ ಗೊತ್ತಿತ್ತು" ಎಂದರು.

"ಗೊತ್ತಿತ್ರಿ."

"ಆಫೀಸಿನಾಗ ನೀ ಏನೋ ಮಾಡಿದ ಮ್ಯಾಲ ಬರೇ ನನ್ನ ಕೋಣಿ ಬಂದ್ ಆಗ್ಲತ್ತಿತ್ತು. ಗುಮಾಸ್ತರಿಗಿ ಹೇಳ್ದೆ. ಲೈಬ್ರರ್ಯಾಗ ಯಾರ ಇರ್ತಾರ, ನೋಡೋಣಂತ ಅಂದ್ರು. ಅದು ನಿನಗರ ಗೊತ್ತಾಗ್ತಿತ್ತೇನು, ಬೀದರದಾಗ ಕೂತಲ್ಲಿ?"

"ಪ್ರತಿ ಸಲ ಗೊತ್ತಾಗ್ತಿತ್ರಿ. ದಾಖಲಾ ಬರ್ತದ."

"ಪ್ರತಿ ಸಲ" ಎಂದರು ಆಕೆ. ಆಮೇಲೆ ನನ್ನನ್ನು ನೇರ ನೋಡಿ, ಸಿಟ್ಟಿಲ್ಲದೆ, ಒಂದು ಲೆಕ್ಕ ತಿಳಿಯದೆ ಕೇಳುವವರ ಹಾಗೆ ಕೇಳಿದರು. "ಮತ್ತ ಯಾಕ ಬರ್ಲಿಲ್ಲ?"

ಔರಾದ, ಕೆಲಸ, ಬಸ್ಸು ಎಂದೇನೋ ತೊದಲಿದೆ. ಕೊನೆಗೆ ತಪ್ಪನ್ನು ಆಕೆಯ ಕಡೆ ದೂಡಲು ನೋಡಿದೆ. "ಫೋನ್ ಮಾಡಬಹುದಿತ್ತಲ್ರಿ ಅಕ್ಕಾ. ನಂಬರ್ ಕೊಟ್ಟಿದ್ನಲ್ರಿ."

"ಫೋನ್ ಮಾಡಿ ಏನಂತ ಹೇಳ್ಲಿ? ಕೆಟ್ಟದ ಬಾ ಅಂದ್ರ ಬರ್ತಿ. ಏನೂ ಕೆಟ್ಟಿಲ್ಲ, ಬಾ ಅಂತ ಹ್ಯಾಂಗ ಅನ್ಲಿ?" ಅಂಟು ಹಚ್ಚಿದ ಪುಸ್ತಕವನ್ನು ಬದಿಗಿಟ್ಟು ಮತ್ತೆ ಹೇಳಿದರು. "ಅವತ್ತ ಮಕ್ಕಳ ಅರ್ಜಿದು ಕಡೀ ದಿನ ಅಂತ ನನಗ ಗೊತ್ತಿರ್ಲಿಲ್ಲ ಸುಭದ್ರಾ. ಮ್ಯಾಲ ಯಾರೂ ಬಂದು ಹೇಳಂಗಿಲ್ಲ. ಆಮ್ಯಾಲ ಕೇಳಿ ಇಡೀ ವಾರ ಅನ್ನ ಸೇರ್ಲಿಲ್ಲ. ನಿನ್ನ ಕಾವಲು ಹಾಕಿದ್ದು ಛಲೋ ಆಯ್ತು. ಕಾವಲು ಅದ, ಯಾರಿಗೂ ತ್ರಾಸ ಆಗಂಗಿಲ್ಲ ಅಂತ ಗುಮಾಸ್ತರು ಹೇಳಿದ ಮ್ಯಾಲೇ ಮತ್ತ ಹಾಕಿದ್ದು."

ಆ ಹುಡುಗಿಯ ಅರ್ಜಿ ಹೋಗಿತ್ತಂತೆ. ವಿಮಲಾಬಾಯಿ ಸಾಲಿನಲ್ಲಿ ನಿಂತವರ ಪಟ್ಟಿ ತರಿಸಿ ಒಬ್ಬೊಬ್ಬರನ್ನೇ ವಿಚಾರಿಸಿದ್ದರು. ನಾನು ಕೇಳದೆ ಬಿಟ್ಟಿದ್ದನ್ನು ಆಕೆ ಕೇಳಿದ್ದರು.

ಅಂದಿನಿಂದ ಗುರುವಾರ ಬಿಡುವಾದರೆ ನಾನು ಭಾಲ್ಕಿಗೆ ಹೋಗತೊಡಗಿದೆ. ಏನೂ ಕೆಟ್ಟಿರುತ್ತಿರಲಿಲ್ಲ. ಆಕೆ ಮೊದಲಿನಷ್ಟು ಮಾತಾಡುತ್ತಿರಲಿಲ್ಲ, ನಾನು ಮೊದಲಿಗಿಂತ ಸ್ವಲ್ಪ ಹೆಚ್ಚು ಮಾತಾಡುತ್ತಿದ್ದೆ. ಆದರೂ ನನ್ನ ಮಾತೆಲ್ಲ ಕೆಲಸದ್ದೇ. ಹೀಗೇ ಆಕೆಯ ನಿವೃತ್ತಿಯ ದಿನವೂ ಬಂತು. ಕಾಲೇಜಿನವರು ಶಾಲು ಹೊದಿಸಿದರು, ಪ್ರಿನ್ಸಿಪಾಲರು ಸೊನ್ನೆ ತುಂಬಿದ ಭಾಷಣ ಮಾಡಿದರು, ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡದೆ ನಗೆ ತಡೆದುಕೊಂಡೆವು. ಮರುದಿನ ಆಕೆ ಭಾಲ್ಕಿಯ ಕೋಣೆ ಖಾಲಿ ಮಾಡಿ ಮೆಹಕರಕ್ಕೆ, ತಂಗಿಯ ಮನೆಗೆ ಹೋದರು.

ಪಾಪ, ಅಲ್ಲಿ ಹೇಗಿದ್ದಾರೋ ಎಂದು ನಾನು ಆರು ತಿಂಗಳು ಮರುಗಿದೆ. ಬೀದರಿನಲ್ಲಿ ಮರುಗುವುದು ಸುಲಭ, ಮೆಹಕರದ ಬಸ್ಸು ಹಿಡಿಯುವುದು ಕಷ್ಟ. ತೊಗರಿ ರಾಶಿ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಹೋದೆ. ಒಂಟಿ ಹೆಂಗಸಿಗೆ ಕಂಪನಿ ಕೊಡಲು ಹೊರಟ ಪುಣ್ಯವಂತೆ ನಾನು ಎಂಬ ಭಾವ ಹೊತ್ತು, ಭಾಲ್ಕಿಯಲ್ಲಿ ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡು ಹೋದೆ.

ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದರು. ನಡುವೆ ವಿಮಲಾಬಾಯಿ. ಕೂದಲ ಗಂಟು ಸಡಿಲವಾಗಿತ್ತು. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಏನೋ ಹೇಳುತ್ತಿದ್ದರು, ಸುತ್ತಲಿನವರು ನಗುತ್ತಿದ್ದರು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದು ನಡುವೆ ಕರೆದುಕೊಂಡು ಹೋದರು.

"ಇಕಿ ಸುಭದ್ರಾ. ನಾ ವೈರು ಹಾಕಿ ಕರೀತಿದ್ದೆ ನೋಡ್ರಿ, ಅಕಿನೇ."

ಎಲ್ಲರೂ ನಕ್ಕರು. ಎಲ್ಲರಿಗೂ ಕತೆ ಗೊತ್ತಿತ್ತು. ನಾನೂ ನಕ್ಕೆ. ಒಬ್ಬಾಕೆ ನನಗೊಂದು ಮೊರ ಕೊಟ್ಟಳು. ಮಧ್ಯಾಹ್ನವೆಲ್ಲ ತೊಗರಿ ಕೇರಿದೆ, ಉಂಡೆ, ತಂಗಿಯ ಸೊಸೆಯರು ನನಗೆ ಎಷ್ಟು ಮಕ್ಕಳೆಂದು ಕೇಳಿದರು, ಇಲ್ಲವೆಂದಾಗ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಸಂಜೆ ಮಕ್ಕಳು ಸ್ಲೇಟು ಹಿಡಿದು ವಿಮಲಾಬಾಯಿಯ ಸುತ್ತ ಕೂತವು. ಬೆಳಗೂ ಸಂಜೆಯೂ ಆಕೆಯ ಹತ್ತಿರ ಅಕ್ಷರ ಕಲಿಯುತ್ತವಂತೆ. ಆಕೆ ಅವನ್ನು ಅಲ್ಲೇ ಬಿಟ್ಟು ನನ್ನನ್ನು ಬಸ್ಸಿಗೆ ಕಳಿಸಲು ಬಂದರು.

ರಸ್ತೆಯ ಬದಿಯಲ್ಲಿ ಒಂದು ಕಲ್ಲಿನ ಕಟ್ಟೆಯಿತ್ತು. ಕೂತೆವು.

"ಇಲ್ಲಿ ನನಗ ಪುರುಸೊತ್ತೇ ಸಿಗಂಗಿಲ್ಲ ನೋಡು" ಎಂದರು. ಖುಷಿಯಿಂದಲೇ ಅಂದರು. "ನೀ ಹ್ಯಾಂಗಿದ್ದಿ?"

"ಛಲೋ ಇದ್ದೇನ್ರಿ."

"ಖರೆ ಹೇಳು."

ದೂರದಲ್ಲಿ ಧೂಳೆದ್ದಿತು. ಬಸ್ಸು ಬಂದು ನಮ್ಮ ಮುಂದೆ ನಿಂತಿತು. ನಾನು ಏಳಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ, "ಬರ್ತೀರೇನ್ರಿ?" ಎಂದ. ಇಲ್ಲ ಎಂದು ಕೈ ಆಡಿಸಿದೆ. ಆತ ಸೀಟಿ ಊದಿದ, ಬಸ್ಸು ಹೋಯಿತು.

"ಇನ್ನ ಎರಡು ತಾಸಿಗಿ ಮುಂದಿನ ಬಸ್ಸು" ಎಂದರು ವಿಮಲಾಬಾಯಿ. ಕಾಲು ಮೇಲೆ ಎಳೆದುಕೊಂಡು ನನ್ನ ಕಡೆ ತಿರುಗಿ ಕೂತರು.

ಎಲ್ಲಿಂದ ಹೇಳಬೇಕೆಂದು ಮೊದಲು ತಿಳಿಯಲಿಲ್ಲ. ಆಮೇಲೆ ನನ್ನ ಮಾಳಿಗೆಯ ಕೋಣೆಯಿಂದ ಶುರು ಮಾಡಿ ಹೇಳತೊಡಗಿದೆ.